ಬಡ್ತಿ ತಪ್ಪಿದ ಡ್ರಾಯಿಂಗ್ ಮಾಸ್ತರರು

'ರಾಜೀನಾಮೆ' ಎಂಬ ಮಾತು ಮೂಲತಃ ನಮ್ಮದಲ್ಲ, ಪಾರಸಿಯದು. 'ರಾಜಿ' ಎಂದರೆ ಒಪ್ಪಿಗೆ, 'ನಾಮಾ' ಎಂದರೆ ಬರಹ. ಎರಡೂ ಸೇರಿದರೆ ಒಪ್ಪಿಗೆಯ ಪತ್ರ. ಕೋರ್ಟಿನಲ್ಲಿ ಎರಡು ಪಕ್ಷಗಳವರು ಜಗಳ ಮುಗಿಸಿಕೊಂಡಾಗ ಬರೆದುಕೊಡುತ್ತಿದ್ದ ಕಾಗದಕ್ಕೂ ಅದೇ ಹೆಸರು. ಹಿಂದಿನ ಮುಂಬಯಿ ಇಲಾಖೆಯ ಕಂದಾಯ ದಫ್ತರಗಳಲ್ಲಿ ಇನ್ನೊಂದು ಬಗೆಯ ರಾಜೀನಾಮೆಯೂ ಇತ್ತು. ರೈತನು ತನ್ನ ಹೆಸರಿನಲ್ಲಿದ್ದ ಹೊಲವನ್ನು ಸರಕಾರಕ್ಕೆ ಬಿಟ್ಟುಕೊಡುವಾಗ ರಾಜೀನಾಮೆ ಬರೆಯುತ್ತಿದ್ದ. ಹೊಸದಾಗಿ ಹೊಲ ಹಿಡಿಯುವವನು ಕಬೂಲಾಯತು ಬರೆಯುತ್ತಿದ್ದ. ಬೆಳಗಾವಿ, ಧಾರವಾಡ, ವಿಜಾಪುರ ಕಡೆಯ ಹಿರಿಯರ ಮನೆಗಳಲ್ಲಿ ಹಳೆಯ ಪೆಟ್ಟಿಗೆಗಳನ್ನು ತೆಗೆದರೆ ಇಂಥ ಕಾಗದಗಳು ಈಗಲೂ ಸಿಕ್ಕಾವು. ಹೊಲ ಬಿಡುವ ಕಾಗದದ ಹೆಸರೇ ನೌಕರಿ ಬಿಡುವ ಕಾಗದಕ್ಕೂ ಅಂಟಿಕೊಂಡಿತು. ಮನಸ್ಸು ಒಪ್ಪದ ಜಾಗದಿಂದ ಎದ್ದುಬರುವಾಗ ಬರೆಯುವ ಪತ್ರಕ್ಕೆ ಒಪ್ಪಿಗೆಯ ಪತ್ರವೆಂದು ಹೆಸರಿರುವುದು ಭಾಷೆಯ ವಿನೋದಗಳಲ್ಲೊಂದು.

ನಾನು ಇಲ್ಲಿ ಬರೆಯಹೊರಟಿರುವುದು ಅಂಥದೊಂದು ರಾಜೀನಾಮೆಯ ಕಥೆಯನ್ನು. ಅದು ಸಲ್ಲಿಕೆಯಾದದ್ದು ನಮ್ಮ ಈ ಮುಂಬಯಿಯಲ್ಲಿಯೇ, 19ನೆಯ ಶತಮಾನದ ಕೊನೆಯ ವರ್ಷಗಳಲ್ಲಿ. ಸಲ್ಲಿಸಿದವರು ಬೆಳಗಾವಿ ಜಿಲ್ಲೆಯಿಂದ ಬಂದಿದ್ದ ಒಬ್ಬ ಡ್ರಾಯಿಂಗ್ ಮಾಸ್ತರರು. ಬಿಟ್ಟದ್ದು ಒಂದು ಸಣ್ಣ ಹುದ್ದೆ. ಊರ ಕಡೆಯಿಂದ ಮುಂಬಯಿಗೆ ಬಂದವರೆಲ್ಲ ನೌಕರಿ ಹುಡುಕಿಕೊಂಡೇ ಬಂದವರು. ಸಿಕ್ಕ ನೌಕರಿಯನ್ನು ಹಲ್ಲುಕಚ್ಚಿ ಹಿಡಿದುಕೊಂಡವರು. 'ಉತ್ತಮ ಬೇಸಾಯ, ಮಧ್ಯಮ ವ್ಯಾಪಾರ, ಕನಿಷ್ಠ ನೌಕರಿ' ಎಂಬ ಹಿರಿಯರ ಗಾದೆಯನ್ನು ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ಹೇಳುತ್ತಲೇ ನಾವು ಮೂರನೆಯದನ್ನು ಮೊದಲನೆಯದಾಗಿ ಮಾಡಿಕೊಂಡವರು. ಆದ್ದರಿಂದ ಈ ಕಥೆ ನಮಗೆ ಸ್ವಲ್ಪ ಮುಜುಗರವನ್ನೂ ತಂದೀತು.

ಮಾಸ್ತರರ ಹೆಸರು ಲಕ್ಷ್ಮಣರಾವ್ ಕಾಶೀನಾಥ ಕಿರ್ಲೋಸ್ಕರ. ಹೊಲದ ಪಂಪಿನ ಮೇಲೆ, ಇಂಜಿನ್ನಿನ ಮೇಲೆ, ಕಾರ್ಖಾನೆಯ ಮೋಟಾರಿನ ಮೇಲೆ ಈ ಹೆಸರನ್ನು ನೋಡದವರು ವಿರಳ. ಆದರೆ ಆ ಎರಕದ ಅಕ್ಷರಗಳ ಹಿಂದೆ ಒಬ್ಬ ಮನುಷ್ಯನಿದ್ದ, ಅವನಿಗೊಂದು ಮುಖಭಂಗವಾಗಿತ್ತು ಎಂಬುದು ಎಷ್ಟು ಜನಕ್ಕೆ ಗೊತ್ತು?

ಲಕ್ಷ್ಮಣರಾಯರು ಹುಟ್ಟಿದ್ದು 1869ರ ಜೂನ್ 20ರಂದು, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮನೆತನದ ಮೂಲ ಕೊಂಕಣದ ಕಿರ್ಲೋಸಿ. ಹೆಸರು ಬಂದದ್ದು ಅಲ್ಲಿಂದ. ಮನೆಮಾತು ಮರಾಠಿ, ಸುತ್ತಣ ಹೊಲಗದ್ದೆಗಳ ಮಾತು ಕನ್ನಡ. ಮರಾಠಿ ಸಂಗೀತ ನಾಟಕದ ಆದ್ಯರೆನಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1843ರಲ್ಲಿ ಹುಟ್ಟಿದ್ದೂ ಇದೇ ಊರಿನಲ್ಲಿ, ಇದೇ ಬಳಗದಲ್ಲಿ. ಕರ್ನಾಟಕದ ಹಾಡಿನ ಮಟ್ಟುಗಳು ಅವರ ಮೂಲಕ ಮರಾಠಿ ರಂಗಭೂಮಿಗೆ ದಾಟಿದ್ದನ್ನು ನಾಟಕದ ಇತಿಹಾಸ ಬರೆದವರು ಗುರುತಿಸಿದ್ದಾರೆ. ಇಂಥವರನ್ನು ಕನ್ನಡಿಗರೆನ್ನಬೇಕೋ ಮರಾಠಿಗರೆನ್ನಬೇಕೋ ಎಂಬ ವಾದವನ್ನು ಹೂಡಲು ನನಗೆ ಉತ್ಸಾಹವಿಲ್ಲ. ಗಡಿಯ ಜನ ಎರಡು ಮಾತಿನಲ್ಲಿ ಬದುಕಿದರು, ಎರಡು ಮಾತಿನಲ್ಲಿ ವ್ಯಾಪಾರ ಮಾಡಿದರು. ಎರಡರಲ್ಲೊಂದನ್ನು ಆರಿಸಿಕೊಳ್ಳಬೇಕೆಂಬ ಹಟ ಅವರಿಗಿಂತ ಅವರ ಬಗ್ಗೆ ಬರೆಯುವ ನಮ್ಮಂಥವರದೇ ಹೆಚ್ಚು.

ತಂದೆ ವೇದಾಂತ ಬಲ್ಲವರು. ಮಗನಿಗೆ ಪುಸ್ತಕದ ಓದು ಹತ್ತಲಿಲ್ಲ. ಚಿತ್ರ ಬರೆಯುವುದು, ಏನನ್ನಾದರೂ ಬಿಚ್ಚಿ ಜೋಡಿಸುವುದು ಅವನ ಹುಚ್ಚು. 1885ರಲ್ಲಿ, ಹದಿನಾರರ ಹರೆಯದಲ್ಲಿ, ಲಕ್ಷ್ಮಣರಾಯರು ಮುಂಬಯಿಗೆ ಬಂದು ಜೆ. ಜೆ. ಕಲಾಶಾಲೆಯನ್ನು ಸೇರಿದರು. ಎರಡು ವರ್ಷ ಕಲಿತ ಮೇಲೆ ಒಂದು ಸಂಗತಿ ಬೆಳಕಿಗೆ ಬಂತು: ಅವರ ಕಣ್ಣಿಗೆ ಕೆಲವು ಬಣ್ಣಗಳ ಭೇದ ತಿಳಿಯುತ್ತಿರಲಿಲ್ಲ. ಬಣ್ಣ ಕಾಣದವನಿಗೆ ವರ್ಣಚಿತ್ರದ ಶಾಲೆಯಲ್ಲಿ ಏನು ಕೆಲಸ? ಆದರೆ ಗೆರೆಗೆ ಬಣ್ಣದ ಹಂಗಿಲ್ಲ. ಯಂತ್ರಗಳ ನಕ್ಷೆ ಬರೆಯುವ ವಿದ್ಯೆಯನ್ನು ಅವರು ಬಿಡದೆ ಮುಂದುವರಿಸಿದರು. ಈ ಒಂದು ನಿರ್ಧಾರವೇ ಅವರ ಮುಂದಿನ ಬದುಕಿನ ಅಸ್ತಿಭಾರವಾಯಿತು.

ಅದೇ ಹೊತ್ತಿಗೆ, 1887ರಲ್ಲಿ, ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಸುವರ್ಣ ಮಹೋತ್ಸವದ ನೆನಪಿಗೆಂದು ಮುಂಬಯಿಯಲ್ಲಿ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆ ಹುಟ್ಟಿತು. ನಮ್ಮಲ್ಲಿ ಬಹಳ ಮಂದಿಗೆ ಅದು ಮಾತುಂಗಾದ ಕಾಲೇಜು, 'ವಿ. ಜೆ. ಟಿ. ಐ.' ಎಂದರೆ ಸಾಕು. ಆದರೆ ಅದು ಮಾತುಂಗಾಕ್ಕೆ ಬಂದದ್ದು 1923ರಲ್ಲಿ. ಆರಂಭದ ದಿನಗಳಲ್ಲಿ ಅದು ಬೈಖಲಾದಲ್ಲಿತ್ತು. ಬಟ್ಟೆ ಗಿರಣಿಗಳ ಹೊಗೆ ಮುಗಿಲಿಗೇರುತ್ತಿದ್ದ ಆ ಕಾಲದಲ್ಲಿ ಗಿರಣಿಗಳಿಗೆ ಬೇಕಾದ ಕುಶಲ ಕೈಗಳನ್ನು ತಯಾರಿಸುವುದು ಅದರ ಉದ್ದೇಶ. ಅಲ್ಲಿ ಯಂತ್ರಗಳ ಡ್ರಾಯಿಂಗ್ ಕಲಿಸಲು ಸಹಾಯಕ ಅಧ್ಯಾಪಕರಾಗಿ ಲಕ್ಷ್ಮಣರಾಯರು ನೇಮಕಗೊಂಡರು.

ಪಾಠ ಹೇಳಿ ಮನೆಗೆ ಹೋಗಿ ಕೂಡುವ ಜಾತಿ ಅವರದಲ್ಲ. ಬಿಡುವಿನ ವೇಳೆಯಲ್ಲಿ ಕಾರ್ಖಾನೆಗಳಿಗೆ ಹೋಗಿ ಕೆಲಸ ಮಾಡಿದರು. ಯಂತ್ರಗಳ ಒಳಹೊರಗನ್ನು ಕೈಯಿಂದಲೇ ತಿಳಿದುಕೊಂಡರು. ಮೇಷ್ಟ್ರು ಕೈಗೆ ಎಣ್ಣೆ ಮೆತ್ತಿಕೊಳ್ಳುವುದು ಆಗಿನ ಮರ್ಯಾದೆಯ ಕಲ್ಪನೆಗೆ ಒಗ್ಗುವ ಮಾತಾಗಿರಲಿಲ್ಲ, ಅದರಲ್ಲೂ ಶಾಸ್ತ್ರಿಗಳ ಮನೆಯ ಹುಡುಗನಿಗೆ. ನೌಕರಿಯ ಸಂಬಳ ತಿಂಗಳ ಕೊನೆಗೆ ಮುಗಿದುಹೋಗುತ್ತದೆ. ಆ ನೌಕರಿಯಲ್ಲಿ ಕುಳಿತು ಕಲಿತದ್ದು ಮಾತ್ರ ಬಿಟ್ಟು ಹೋಗುವ ದಿನ ಜೊತೆಗೆ ಬರುತ್ತದೆ. ಲಕ್ಷ್ಮಣರಾಯರು ಈ ಎರಡನೆಯ ಸಂಬಳವನ್ನು ಚೆನ್ನಾಗಿ ಗಳಿಸಿಕೊಂಡರು.

ಆ ದಿನಗಳ ಹೊಸ ಬೆರಗು ಬೈಸಿಕಲ್ಲು. ಮುಂದೆ ದೊಡ್ಡ ಗಾಲಿ, ಹಿಂದೆ ಪುಟ್ಟ ಗಾಲಿ ಇದ್ದ ಹಳೆಯ ಅಪಾಯದ ವಾಹನದ ಬದಲು ಎರಡೂ ಗಾಲಿ ಸಮನಾಗಿದ್ದು ಸರಪಳಿಯಿಂದ ಓಡುವ ಸೈಕಲ್ಲನ್ನು ಇಂಗ್ಲೆಂಡಿನ ಸ್ಟಾರ್ಲಿ ಎಂಬವನು 1885ರಲ್ಲಿ ಬಳಕೆಗೆ ತಂದಿದ್ದ. ಗಾಳಿ ತುಂಬುವ ಟಾಯರನ್ನು ಡನ್ಲಪ್ 1888ರಲ್ಲಿ ಕಂಡುಹಿಡಿದಿದ್ದ. ಮುಂಬಯಿಯಲ್ಲಿ ಯಾರೋ ಸೈಕಲ್ ಸವಾರಿ ಮಾಡುವುದನ್ನು ಕಂಡು ಲಕ್ಷ್ಮಣರಾಯರಿಗೆ ಅದರ ಮೇಲೆ ಮನಸ್ಸು ಹೋಯಿತು. ತಾವೂ ಕಲಿತರು. ಅಷ್ಟಕ್ಕೇ ನಿಲ್ಲದೆ, ಇದನ್ನು ನಮ್ಮೂರ ಕಡೆ ಏಕೆ ಮಾರಬಾರದು ಎಂದು ಯೋಚಿಸಿದರು. ಅಣ್ಣ ರಾಮಣ್ಣ (ಮರಾಠಿಯಲ್ಲಿ ರಾಮುಅಣ್ಣಾ) ಬೆಳಗಾವಿಯಲ್ಲಿ. ತಮ್ಮ ಮುಂಬಯಿಯಲ್ಲಿ ಸೈಕಲ್ಲು ಕೊಂಡು ರೈಲಿಗೆ ಹಾಕುವುದು. ಅಣ್ಣ ಅಲ್ಲಿ ಇಳಿಸಿಕೊಂಡು ಮಾರುವುದು, ಮಾರಿದವರಿಗೆ ಹತ್ತುವುದನ್ನೂ ಇಳಿಯುವುದನ್ನೂ ಕಲಿಸುವುದು. ಇಬ್ಬರು ಅಣ್ಣತಮ್ಮಂದಿರ ಈ ಅಂಗಡಿಯೇ 'ಕಿರ್ಲೋಸ್ಕರ್ ಬ್ರದರ್ಸ್'. ಕಿರ್ಲೋಸ್ಕರ ಉದ್ಯಮ ಸಮೂಹ ತನ್ನ ವಯಸ್ಸನ್ನು ಇಂದಿಗೂ 1888ರಿಂದ ಎಣಿಸುತ್ತದೆ. ಆ ಇಸವಿಯಲ್ಲಿ ಲಕ್ಷ್ಮಣರಾಯರಿಗೆ ಹತ್ತೊಂಬತ್ತು ವರ್ಷ. ಅಂದರೆ ಅಂಗಡಿಯ ಬೀಜ ಬಿದ್ದದ್ದು ಅವರು ನೌಕರಿಯಲ್ಲಿದ್ದಾಗಲೇ, ಬಹಳ ಮೊದಲೇ. ಇದನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಇನ್ನು ಬಡ್ತಿಯ ಪ್ರಕರಣ. ಹಲವು ವರ್ಷ ದುಡಿದ ಮೇಲೆ ಸಂಸ್ಥೆಯಲ್ಲಿ ಒಂದು ಮೇಲಿನ ಸ್ಥಾನ ತೆರವಾಯಿತು. ಸರತಿ ಲಕ್ಷ್ಮಣರಾಯರದು; ಅರ್ಹತೆಯೂ ಅವರದೇ. ಆದರೆ ಅದು ಒಬ್ಬ ಆಂಗ್ಲೋ-ಇಂಡಿಯನ್ನನಿಗೆ ಹೋಯಿತು. ಕಥೆ ಇಷ್ಟೇ. ಇದರಲ್ಲಿ ಬೈಗುಳವಿಲ್ಲ, ಕೈಮಾಡಿದ್ದಿಲ್ಲ, ಕೋರ್ಟು ಕಚೇರಿಯಿಲ್ಲ. ಆದರೆ ಪ್ರತಿದಿನ ಬೆಳಿಗ್ಗೆ ಅದೇ ಬಾಗಿಲಿನಿಂದ ಒಳಗೆ ಹೋಗಿ, ತಾನು ಎಷ್ಟೇ ಚೆನ್ನಾಗಿ ಗೆರೆ ಎಳೆದರೂ ತನ್ನ ಚರ್ಮದ ಬಣ್ಣ ತನಗಾಗಿ ಒಂದು ಗೆರೆ ಎಳೆದಿಟ್ಟಿದೆ ಎಂದು ತಿಳಿದುಕೊಂಡೇ ಸಂಜೆಯವರೆಗೆ ಪಾಠ ಹೇಳುವುದು ಎಂಥ ಹಿಂಸೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಬಣ್ಣಗಳ ಭೇದ ಕಾಣದ ಕಣ್ಣಿನವರಿಗೆ ಬಣ್ಣದ ಭೇದದಿಂದಲೇ ಪೆಟ್ಟು ಬಿದ್ದದ್ದು ವಿಧಿಯ ಕುಚೋದ್ಯ.

ಇದು ಒಬ್ಬರ ಅನುಭವವಲ್ಲ. ಆ ಕಾಲದ ಏರ್ಪಾಟೇ ಹಾಗಿತ್ತು. 1885ರಲ್ಲಿ ಕಲಕತ್ತೆಯ ಪ್ರೆಸಿಡೆನ್ಸಿ ಕಾಲೇಜಿಗೆ ನೇಮಕಗೊಂಡ ಜಗದೀಶಚಂದ್ರ ಬೋಸರಿಗೆ ಇಂಗ್ಲಿಷರಿಗಿಂತ ಕಡಿಮೆ ಸಂಬಳ ಗೊತ್ತುಮಾಡಿದರು. ಬೋಸರು ಆ ಸಂಬಳವನ್ನೇ ಮುಟ್ಟದೆ ಮೂರು ವರ್ಷ ಪಾಠ ಹೇಳಿದರು. ಕೊನೆಗೆ ಸರಕಾರವೇ ಬಾಗಿ ಪೂರ್ಣ ಸಂಬಳವನ್ನು ಬಾಕಿಸಹಿತ ಕೊಟ್ಟಿತು. ಅದೇ ಕಾಲೇಜಿನಲ್ಲಿದ್ದ ಪ್ರಫುಲ್ಲಚಂದ್ರ ರಾಯರು ನೌಕರಿಯನ್ನೂ ಬಿಡದೆ ತಮ್ಮ ಮನೆಯಲ್ಲಿಯೇ ಔಷಧಿ ತಯಾರಿಸತೊಡಗಿ 1892ರಲ್ಲಿ ಬೆಂಗಾಲ್ ಕೆಮಿಕಲ್ ಕಾರ್ಖಾನೆಗೆ ತಳಹದಿ ಹಾಕಿದರು. ನಮ್ಮ ವಿಶ್ವೇಶ್ವರಯ್ಯನವರ ದಾರಿ ಇನ್ನೊಂದು. 1884ರಲ್ಲಿ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆಯನ್ನು ಸೇರಿದ ಅವರು ಖಡಕವಾಸಲಾ ಕೆರೆಗೆ ತಾವಾಗಿ ತೆರೆದುಕೊಳ್ಳುವ ಬಾಗಿಲುಗಳನ್ನು ಕೂಡಿಸಿ ಹೆಸರಾದರು. ಆದರೆ ಆ ಇಲಾಖೆಯ ತುತ್ತತುದಿ ಹಿಂದೂಸ್ಥಾನದವನಿಗೆ ಎಟುಕದು ಎಂಬುದನ್ನು ಮನಗಂಡು, ನಿವೃತ್ತಿವೇತನಕ್ಕೆ ಬೇಕಾದ ಇಪ್ಪತ್ತೈದು ವರ್ಷ ತುಂಬುವ ಮೊದಲೇ, 1908ರಲ್ಲಿ ಹೊರಬಂದರು. ಮೂಸಿ ನದಿಯ ಪ್ರವಾಹದಿಂದ ನುಗ್ಗಾದ ಹೈದರಾಬಾದು, ಅನಂತರ ಮೈಸೂರು ಅವರನ್ನು ಕರೆದುಕೊಂಡವು.

ಒಂದೇ ಗೋಡೆಗೆ ನಾಲ್ವರು ನಾಲ್ಕು ರೀತಿಯಲ್ಲಿ ಎದುರಾದರು: ಒಬ್ಬರು ಒಳಗೇ ನಿಂತು ಗುದ್ದಿದರು, ಒಬ್ಬರು ಪಕ್ಕದಲ್ಲಿ ತಮ್ಮದೇ ಮನೆ ಕಟ್ಟಿದರು, ಒಬ್ಬರು ಬೇರೆ ಮನೆಗೆ ಹೋದರು. ಲಕ್ಷ್ಮಣರಾಯರ ಸ್ಥಿತಿ ಮಾತ್ರ ಬೇರೆ. ಬೋಸರಿಗೆ ಕೇಂಬ್ರಿಜ್ಜಿನ ಪದವಿಯಿತ್ತು. ವಿಶ್ವೇಶ್ವರಯ್ಯನವರಿಗೆ ಇಡೀ ಇಲಾಖೆಯೇ ಮೆಚ್ಚಿದ ಕೀರ್ತಿಯಿತ್ತು. ಈ ಸಹಾಯಕ ಮಾಸ್ತರರ ಬಳಿ ಹೇಳಿಕೊಳ್ಳುವ ಪದವಿಯೂ ಇರಲಿಲ್ಲ, ಕರೆಯುವ ಸಂಸ್ಥಾನವೂ ಇರಲಿಲ್ಲ. ಇದ್ದದ್ದು ಬೆಳಗಾವಿಯ ಸೈಕಲ್ ಅಂಗಡಿ, ಅಣ್ಣ, ಮತ್ತು ನಕ್ಷೆ ಬರೆಯುವ ಕೈ. ಅವರು ರಾಜೀನಾಮೆ ಕೊಟ್ಟು ರೈಲು ಹತ್ತಿದರು.

ಇಲ್ಲಿ ನನ್ನದೊಂದು ತಕರಾರಿದೆ. ಇಂಥ ಜೀವನಚರಿತ್ರೆಗಳನ್ನು ಶಾಲೆಯ ಮಕ್ಕಳಿಗೆ ಹೇಳುವಾಗ, ಅವಮಾನವಾಯಿತು, ಸಿಡಿದೆದ್ದರು, ನೌಕರಿಗೆ ಒದ್ದರು, ದೊಡ್ಡವರಾದರು ಎಂದು ನಾಲ್ಕು ಮೆಟ್ಟಿಲಲ್ಲಿ ಹತ್ತಿಸಿಬಿಡುತ್ತೇವೆ. ಅವಮಾನವಾದವರೆಲ್ಲ ಕಾರ್ಖಾನೆ ಕಟ್ಟಿದ್ದರೆ ಈ ದೇಶದಲ್ಲಿ ಉಳಲು ಹೊಲ ಉಳಿಯುತ್ತಿರಲಿಲ್ಲ! ಅವಮಾನವು ಲಕ್ಷ್ಮಣರಾಯರನ್ನು ಬಾಗಿಲಾಚೆ ನೂಕಿತು, ನಿಜ. ಆದರೆ ಆಚೆ ಕಾಲಿಡಲು ನೆಲವಿತ್ತಲ್ಲ, ಅದನ್ನು ಅವರು ವರ್ಷಗಟ್ಟಲೆ, ಸಂಬಳ ತಿನ್ನುತ್ತಲೇ, ಸೈಕಲ್ ಒಂದರ ಹಿಂದೊಂದು ಊರಿಗೆ ಕಳಿಸುತ್ತಲೇ ತಯಾರು ಮಾಡಿಕೊಂಡಿದ್ದರು. ಆ ನೆಲವನ್ನು ಊರಿನಲ್ಲಿ ಕಾಯುತ್ತ ಕುಳಿತ ಅಣ್ಣ ರಾಮಣ್ಣನ ಪಾಲನ್ನು ಕಥೆಗಾರರು ಅರ್ಧ ಸಾಲಿನಲ್ಲಿ ಮುಗಿಸುತ್ತಾರೆ. ಅಂಗಡಿಯ ಹೆಸರಿನಲ್ಲೇ ಬಹುವಚನವಿದೆ ಎಂಬುದನ್ನಾದರೂ ನಾವು ಗಮನಿಸಬೇಡವೇ?

ಬೆಳಗಾವಿಯಲ್ಲಿ ಸೈಕಲ್ ವ್ಯಾಪಾರ ನಡೆಯುತ್ತಿತ್ತು. ಆದರೆ ಬೇರೆಯವರು ಮಾಡಿದ್ದನ್ನು ಮಾರುವುದು ಲಕ್ಷ್ಮಣರಾಯರಿಗೆ ಬಹುಕಾಲ ರುಚಿಸುವಂತಿರಲಿಲ್ಲ. ಸಣ್ಣದೊಂದು ವರ್ಕ್‌ಶಾಪು ಹಾಕಿದರು. ಅಮೆರಿಕದಿಂದ ಬರುವ ಯಂತ್ರಗಳ ಪತ್ರಿಕೆಗಳನ್ನು ತಿರುವಿಹಾಕಿದರು. ಅವರ ಕಣ್ಣು ನಿಂತದ್ದು ಮೇವು ಕತ್ತರಿಸುವ ಯಂತ್ರದ ಮೇಲೆ. ಉತ್ತರ ಕರ್ನಾಟಕದ ವಾಚಕರಿಗೆ ಇದರ ಮಹತ್ವವನ್ನು ವಿವರಿಸಬೇಕಾಗಿಲ್ಲ. ಜೋಳದ ಕಣಿಕೆಯನ್ನು ಇಡಿಯಾಗಿ ದನಗಳ ಮುಂದೆ ಹಾಕಿದರೆ ಎಲೆಯನ್ನೂ ತುದಿಯನ್ನೂ ತಿಂದು ಗಟ್ಟಿ ದಂಟನ್ನು ತುಳಿದು ಹಾಳುಮಾಡುತ್ತವೆ. ಸಣ್ಣಗೆ ಕತ್ತರಿಸಿ ಹಾಕಿದರೆ ಪೂರಾ ತಿನ್ನುತ್ತವೆ. ಬರಗಾಲದ ವರ್ಷ ಬಣವೆ ಎರಡು ತಿಂಗಳು ಹೆಚ್ಚು ಬಂದರೆ ಎತ್ತು ಉಳಿಯಿತು, ಎತ್ತು ಉಳಿದರೆ ಮನೆ ಉಳಿಯಿತು. ನೆನಪಿಡಬೇಕು, 1896-97 ಮತ್ತು 1899-1900ರ ಭೀಕರ ಬರಗಳು ಈ ಸೀಮೆಯನ್ನು ಹಿಂಡಿಹೋಗಿದ್ದವು.

ಅದರ ಹಿಂದೆಯೇ ಬಂದದ್ದು ಕಬ್ಬಿಣದ ನೇಗಿಲು. ನಮ್ಮ ಮರದ ನೇಗಿಲು ಬಹಳ ಯೋಗ್ಯ ಸಾಧನವೇ. ಹಗುರ, ಊರ ಬಡಿಗನೇ ಮಾಡಿಕೊಡಬಲ್ಲ, ಮುರಿದರೆ ಅಂದೇ ದುರಸ್ತಿ. ಆದರೆ ಅದು ನೆಲವನ್ನು ಕೆಲವು ಅಂಗುಲ ಗೀರುತ್ತದೆಯೇ ಹೊರತು ಮಗುಚಿಹಾಕುವುದಿಲ್ಲ. ಎರೆಭೂಮಿಯಲ್ಲಿ ಕರಿಕೆಯಂಥ ಕಳೆಯ ಬೇರು ಮೊಣಕಾಲುದ್ದ ಇಳಿದಿರುತ್ತದೆ. ಮೇಲೆ ಗೀರಿದರೆ ಅದಕ್ಕೆ ಕಚಗುಳಿಯಿಟ್ಟಂತೆ. ಹೊಲಕ್ಕೆ ಹೊಲವೇ ಕರಿಕೆಗೆ ಬಿದ್ದು ಹಾಳಾದ ಉದಾಹರಣೆಗಳಿದ್ದವು. ಬಾಗಿದ ರೆಕ್ಕೆಯುಳ್ಳ ಕಬ್ಬಿಣದ ನೇಗಿಲು ಆಳಕ್ಕೆ ಹೊಕ್ಕು ಮಣ್ಣನ್ನು ಬುಡಮೇಲು ಮಾಡುತ್ತದೆ. ಬೇರು ಬಿಸಿಲಿಗೆ ಬಿದ್ದು ಒಣಗುತ್ತದೆ. ಇಂಥ ನೇಗಿಲುಗಳು ಇಂಗ್ಲೆಂಡಿನಿಂದ ಬರುತ್ತಿದ್ದವು. ಅವನ್ನು ಇಲ್ಲಿಯೇ ಎರಕ ಹೊಯ್ಯಬಹುದು, ಬಿಡಿಭಾಗವೂ ಇಲ್ಲಿಯೇ ಸಿಗುವಂತಾದರೆ ರೈತ ಕೊಳ್ಳುತ್ತಾನೆ ಎಂದು ಲಕ್ಷ್ಮಣರಾಯರು ಲೆಕ್ಕ ಹಾಕಿದರು.

ಲೆಕ್ಕ ಸರಿಯಾಗಿತ್ತು, ರೈತ ಮಾತ್ರ ಕೊಳ್ಳಲಿಲ್ಲ. ಕಬ್ಬಿಣ ತಾಗಿದರೆ ಭೂಮಿಗೆ ವಿಷ ಏರುತ್ತದೆ ಎಂಬ ನಂಬಿಕೆ ಊರೂರಿನಲ್ಲಿ ಹರಡಿತ್ತು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಎರಡು ವರ್ಷ! ಬಡ್ತಿ ತಪ್ಪಿದ ಕಥೆಯನ್ನು ಎಲ್ಲರೂ ಹೇಳುತ್ತಾರೆ; ನನಗೆ ಈ ಎರಡು ವರ್ಷದ ಕಥೆಯೇ ದೊಡ್ಡದೆನಿಸುತ್ತದೆ. ನೌಕರಿಯಲ್ಲಿದ್ದಾಗ ಸಿಕ್ಕ ತಿರಸ್ಕಾರಕ್ಕೆ ಒಂದು ಮುಖವಿತ್ತು, ಅದರ ಮೇಲೆ ಸಿಟ್ಟಾಗಬಹುದಿತ್ತು. ಅಂಗಡಿಯ ಮೂಲೆಯಲ್ಲಿ ತುಕ್ಕು ಹಿಡಿಯುತ್ತಿರುವ ನೇಗಿಲುಗಳನ್ನು ನೋಡುತ್ತ ಯಾರ ಮೇಲೆ ಸಿಟ್ಟಾಗುವುದು? ರೈತನ ಮೇಲೆಯೇ? ಅವನಿಗೂ ಅವನ ಕಾರಣಗಳಿದ್ದವು. ಸಾಲಕ್ಕೆ ಕೊಂಡ ನೇಗಿಲು ಹೊಲ ಕೆಡಿಸಿದರೆ ಅವನಿಗೆ ಇನ್ನೊಂದು ಹೊಲವಿರಲಿಲ್ಲ. ಪಕ್ಕದ ಹೊಲದಲ್ಲಿ ಒಂದು ಸುಗ್ಗಿ ನೋಡಿದ ಮೇಲೆಯೇ ಅವನು ನಂಬಿದ. ಹಾಗೆ ನಂಬಿದ ಮೇಲೆ ದಖ್ಖಣದ ಉದ್ದಗಲಕ್ಕೂ ಆ ನೇಗಿಲು ಹಬ್ಬಿತು.

ಕೈ ಹತ್ತುವ ಹೊತ್ತಿಗೆ ಕಾಲ ಕೆಳಗಿನ ನೆಲ ಸರಿಯಿತು. ಬೆಳಗಾವಿಯ ಪುರಸಭೆ ಹೊಸ ಬಡಾವಣೆಯ ನೆಪದಲ್ಲಿ ಕಾರ್ಖಾನೆಯ ಜಾಗವನ್ನು ತೆರವು ಮಾಡಿಸಿತು. ಯಂತ್ರ, ಭಟ್ಟಿ, ಕೆಲಸಗಾರರು ಎಲ್ಲವನ್ನೂ ಕಟ್ಟಿಕೊಂಡು ಎಲ್ಲಿಗೆ ಹೋಗುವುದು? ಲಕ್ಷ್ಮಣರಾಯರಿಗೆ ಆಗ ನಲವತ್ತು ದಾಟಿತ್ತು. ಸ್ವತಂತ್ರ ಉದ್ಯೋಗವೆಂದರೆ ಯಜಮಾನನಿಲ್ಲದ ಉದ್ಯೋಗವೆಂದು ತಿಳಿಯುವವರು ಈ ಅಧ್ಯಾಯವನ್ನು ಓದಬೇಕು. ಗಿರಾಕಿ, ಪುರಸಭೆ, ಸಾಹುಕಾರ, ಮಳೆ ಎಲ್ಲರೂ ಯಜಮಾನರೇ.

ಈ ಸಲ ಬಾಗಿಲು ತೆರೆದವರು ಔಂಧ ಸಂಸ್ಥಾನದ ಅರಸರು, ಬಾಳಾಸಾಹೇಬ ಪಂತ ಪ್ರತಿನಿಧಿ. 1909ರಲ್ಲಿ ಪಟ್ಟಕ್ಕೆ ಬಂದ ಇವರು ಸಣ್ಣ ಸಂಸ್ಥಾನದ ದೊಡ್ಡ ಮನುಷ್ಯರು. ಸೂರ್ಯನಮಸ್ಕಾರವನ್ನು ಜಗತ್ತಿಗೆಲ್ಲ ಸಾರಿದವರು, 1939ರಲ್ಲಿ ತಾವಾಗಿಯೇ ಅಧಿಕಾರವನ್ನು ಪ್ರಜೆಗಳಿಗೆ ಬಿಟ್ಟುಕೊಟ್ಟವರು. ಜೊತೆಗೆ ಸ್ವತಃ ಚಿತ್ರಕಾರರು. ಬಣ್ಣ ಕೈಬಿಟ್ಟ ಚಿತ್ರಕಾರನನ್ನು ಬಣ್ಣ ಹಿಡಿದ ರಾಜನು ಕೈಹಿಡಿದದ್ದು ಸ್ವಾರಸ್ಯದ ಸಂಗತಿ. ಅವರು ಹತ್ತು ಸಾವಿರ ರೂಪಾಯಿ ಸಾಲವನ್ನೂ ಕುಂಡಲ ರೋಡ್ ಎಂಬ ರೈಲು ನಿಲ್ದಾಣದ ಬಳಿ 32 ಎಕರೆ ಜಮೀನನ್ನೂ ಕೊಟ್ಟರು. ಜಮೀನೆಂದರೆ ಪಾಪಸುಕಳ್ಳಿ, ಕಲ್ಲು, ಹಾವು. ನೀರಿಗೂ ಬರ. ಆದರೆ ಎದುರಿಗೆ ರೈಲಿತ್ತು. ನೇಗಿಲಿನಂಥ ಭಾರದ ಸರಕಿಗೆ ಬೇಕಾದದ್ದು ಅದೇ.

1910ರಲ್ಲಿ ಅಲ್ಲಿ ಕಿರ್ಲೋಸ್ಕರವಾಡಿ ಹುಟ್ಟಿತು. ಬೆಳಗಾವಿಯಿಂದ ಜೊತೆಗೆ ಬಂದ ಕೆಲಸಗಾರರು ಗುಡಿಸಲುಗಳಲ್ಲಿ ಇದ್ದುಕೊಂಡೇ ಕಳ್ಳಿ ಕಡಿದರು, ಗೋಡೆ ಎಬ್ಬಿಸಿದರು, ಯಂತ್ರ ನಿಲ್ಲಿಸಿದರು. ರಾಮಣ್ಣ ಈ ಹೊಸ ಊರಿನ ವ್ಯವಸ್ಥೆ ನೋಡಿಕೊಂಡರು. ಊರಿಗೆ ಕಾವಲು ಬೇಕಿತ್ತು. ಲಕ್ಷ್ಮಣರಾಯರು ದರೋಡೆಯ ಅಪರಾಧಕ್ಕೆ ಶಿಕ್ಷೆಯಾದವರನ್ನೇ ಕಾವಲಿಗೆ ಇಟ್ಟುಕೊಂಡರು. ನೋಡಿದವರು ಹುಬ್ಬೇರಿಸಿದರು. ಆದರೆ ಅವರನ್ನು ನಂಬಿ ಕೆಟ್ಟೆವೆಂದು ಹೇಳುವ ಪ್ರಸಂಗ ಬರಲಿಲ್ಲ.

ಮೊದಲ ಮಹಾಯುದ್ಧ ಬಂದಾಗ ವಿಲಾಯತಿಯ ಕಬ್ಬಿಣ ನಿಂತುಹೋಯಿತು. ಎರಕ ಹೊಯ್ಯಲು ಕಬ್ಬಿಣವಿಲ್ಲದೆ ಭಟ್ಟಿ ಆರುವ ಹೊತ್ತು. ಆಗ ಕೊಲ್ಲಾಪುರದ ಶಾಹೂ ಮಹಾರಾಜರು ತಮ್ಮಲ್ಲಿ ಬಿದ್ದಿದ್ದ ಹಳೆಯ ತೋಪುಗಳನ್ನು ಕೊಟ್ಟರು. ಯೂರೋಪಿನಲ್ಲಿ ಕಬ್ಬಿಣವೆಲ್ಲ ತೋಪಾಗುತ್ತಿದ್ದಾಗ ಕುಂಡಲ ರೋಡಿನಲ್ಲಿ ತೋಪುಗಳು ಕರಗಿ ನೇಗಿಲಾದವು.

ಈಗ ಒಂದು ಪ್ರಶ್ನೆ ಕೇಳಲೇಬೇಕು. ಬೇರೆಯವರ ಮನೆಯಲ್ಲಿ ಪಂಕ್ತಿಭೇದ ಉಂಡು ಎದ್ದುಬಂದವನು ತಾನು ಪಂಕ್ತಿ ಹಾಕಿದಾಗ ಹೇಗೆ ಬಡಿಸಿದ? ಬಹಳ ಮಂದಿ ಈ ಪರೀಕ್ಷೆಯಲ್ಲಿ ಬೀಳುತ್ತಾರೆ. ನಿನ್ನೆಯ ಸೊಸೆ ಇಂದಿನ ಅತ್ತೆಯಾದಾಗ ಆಗುವುದೇ ಆಗುತ್ತದೆ. ಕಿರ್ಲೋಸ್ಕರವಾಡಿಯ ವಿಷಯದಲ್ಲಿ ಒಂದು ಮಾತನ್ನು ನಿಸ್ಸಂಶಯವಾಗಿ ಹೇಳಬಹುದು: ಆ ಊರಿನೊಳಗೆ ಅಸ್ಪೃಶ್ಯತೆಗೆ ಲಕ್ಷ್ಮಣರಾಯರು ನಿಷೇಧ ಹಾಕಿದರು. ಸಾಂಗ್ಲಿ, ಸಾತಾರೆಯ ಹಳ್ಳಿಗಳ ನಡುವೆ, ಅದೂ 20ನೆಯ ಶತಮಾನದ ಆರಂಭದ ದಶಕಗಳಲ್ಲಿ, ಬ್ರಾಹ್ಮಣ ಯಜಮಾನನೊಬ್ಬ ಹೀಗೆ ನಡೆಸುವುದು ಬರೆದಷ್ಟು ಸುಲಭವಲ್ಲ. ಕಸಬಿನ ವಿಷಯದಲ್ಲಂತೂ ಅವರು ಜಾತಿಯ ಗೆರೆಯನ್ನು ಎಂದೋ ದಾಟಿದ್ದರು. ಭಟ್ಟಿಯ ಮುಂದೆ ನಿಂತ ವೈದಿಕರ ಮಗನಿಗೆ ಕಮ್ಮಾರನೆನ್ನಿಸಿಕೊಳ್ಳುವ ಅಂಜಿಕೆ ಇರಲಿಲ್ಲ. ಹಾಗೆಂದು ಅದು ರಾಮರಾಜ್ಯವಾಗಿತ್ತೆಂದು ನಾನು ಹೇಳುವುದಿಲ್ಲ. ಊರಿನ ಮನೆ, ಬೀದಿ, ಕೆಲಸ ಎಲ್ಲ ಒಬ್ಬನದೇ ಆಗಿರುವಲ್ಲಿ ರಾಜೀನಾಮೆ ಕೊಡುವವನು ನೌಕರಿಯ ಜೊತೆಗೆ ಊರನ್ನೂ ಬಿಡಬೇಕಾಗುತ್ತದೆ. ಕಾರ್ಖಾನೆಯ ಊರುಗಳೆಲ್ಲಕ್ಕೂ ಇರುವ ಈ ಕೊರತೆಗೆ ಅದೂ ಹೊರತಾಗಿರಲಾರದು.

1920ರಲ್ಲಿ ಅಣ್ಣತಮ್ಮಂದಿರ ಅಂಗಡಿ ಲಿಮಿಟೆಡ್ ಕಂಪನಿಯಾಯಿತು. ಅದೇ ವರ್ಷ ಅಲ್ಲಿಂದ 'ಕಿರ್ಲೋಸ್ಕರ ಖಬರ' ಎಂಬ ಪತ್ರಿಕೆ ಹೊರಟಿತು. ಮಾಲಿನ ಜಾಹೀರಾತಿಗೆಂದು ಹುಟ್ಟಿದ ಅದು ಶಂಕರರಾವ್ ಕಿರ್ಲೋಸ್ಕರರ ಕೈಯಲ್ಲಿ ಮರಾಠಿಯ ಪ್ರಮುಖ ಮಾಸಿಕಗಳಲ್ಲಿ ಒಂದಾಗಿ ಬೆಳೆಯಿತು. 1930ರಲ್ಲಿ 'ಸ್ತ್ರೀ' ಅದರ ತಂಗಿಯಾಗಿ ಬಂತು. ನೇಗಿಲು ಮಾರಲು ಹೊರಟವರು ವಿಚಾರವನ್ನೂ ಬಿತ್ತಿದರು. ಮಾಸಪತ್ರಿಕೆ ನಡೆಸುವ ಕಷ್ಟ ಬಲ್ಲ ನಮ್ಮಂಥ ಸಂಘದವರಿಗೆ ಇದು ನೇಗಿಲಿಗಿಂತ ದೊಡ್ಡ ಸಾಹಸವಾಗಿ ಕಂಡರೆ ಆಶ್ಚರ್ಯವಿಲ್ಲ.

ಮಗ ಶಂತನುರಾಯರು ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಕಲಿತು 1926ರಲ್ಲಿ ಮರಳಿದರು. ಅಲ್ಲಿಂದ ಮುಂದಿನದು ಪಂಪು, ಇಂಜಿನ್ನುಗಳ ವಿಸ್ತಾರ. ಅದು ಉದ್ಯಮದ ಚರಿತ್ರೆ, ನಮ್ಮ ಕಥೆಯ ಆಚೆಗಿನದು. ಆದರೆ ಒಂದೆರಡು ಮಾತು ಕನ್ನಡನಾಡಿಗಾಗಿ ಹೇಳಬೇಕು. 1941ರಲ್ಲಿ ಮೈಸೂರು ಸಂಸ್ಥಾನದ ಹರಿಹರದಲ್ಲಿ, ತುಂಗಭದ್ರೆಯ ದಂಡೆಯ ಊರಿನಲ್ಲಿ, ಮೈಸೂರು ಕಿರ್ಲೋಸ್ಕರ ಕಾರ್ಖಾನೆ ಆರಂಭವಾಯಿತು. ಲೇಥುಗಳನ್ನು, ಅಂದರೆ ಯಂತ್ರಗಳನ್ನು ಹೆರುವ ಯಂತ್ರಗಳನ್ನು, ಮಾಡುವ ಕಾರ್ಖಾನೆ. ಅದರ ಸುತ್ತ ಬೆಳೆದ ಬಡಾವಣೆಗೆ ಯಂತ್ರಾಪುರವೆಂದೇ ಹೆಸರಾಯಿತು. ದಾವಣಗೆರೆ, ಹಾವೇರಿ ಕಡೆಯ ಎಷ್ಟೋ ಮನೆಗಳ ಮಕ್ಕಳು ಅಲ್ಲಿಯ ಸಂಬಳದಲ್ಲಿ ಓದಿದರು. ಆ ಕಾರ್ಖಾನೆ ಈಗ ಇಲ್ಲ, ಹೆಸರು ಉಳಿದಿದೆ. ಬೆಂಗಳೂರಿನಲ್ಲಿ 1946ರಲ್ಲಿ ಹುಟ್ಟಿದ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಂಪನಿ ವಿದ್ಯುತ್ ಮೋಟಾರುಗಳಿಗೆ ಹೆಸರಾಯಿತು. ಬೆಳಗಾವಿಯಿಂದ ಎಬ್ಬಿಸಿ ಕಳಿಸಿದ ಉದ್ಯಮ ಸುತ್ತುಬಳಸಿ ಮತ್ತೆ ಕನ್ನಡದ ನೆಲಕ್ಕೇ ಬಂತು. ಬೆಳಗಾವಿಗೆ ಮಾತ್ರ 1910ರಲ್ಲಿ ಹೋದದ್ದು ಹೋದಂತೆಯೇ. ಆ ಪುರಸಭೆಯ ಸದಸ್ಯರು ತಮ್ಮ ಹೊಸ ಬಡಾವಣೆಯನ್ನು ನೋಡಿ ಸಂತೋಷಪಟ್ಟಿರಬೇಕು.

ವೃದ್ಧಾಪ್ಯದಲ್ಲಿ ಲಕ್ಷ್ಮಣರಾಯರು ಇನ್ನೊಂದು ಪೆಟ್ಟನ್ನು ನೋಡಬೇಕಾಯಿತು. 1948ರಲ್ಲಿ ಗಾಂಧೀಜಿಯವರ ಹತ್ಯೆಯಾದ ಮೇಲೆ ಪಶ್ಚಿಮ ಮಹಾರಾಷ್ಟ್ರದಲ್ಲಿ ಬ್ರಾಹ್ಮಣರ ಮನೆ, ಆಸ್ತಿಗಳ ಮೇಲೆ ಗುಂಪುಗಳು ಏರಿಹೋದವು. ಕಿರ್ಲೋಸ್ಕರವಾಡಿಯ ಕಾರ್ಖಾನೆಗೂ ಬೆಂಕಿ ಬಿತ್ತು. ಒಮ್ಮೆ ಹಿಂದೂಸ್ಥಾನದವನೆಂಬ ಕಾರಣಕ್ಕೆ ಮೇಲೇರಗೊಡದೆ ಇಟ್ಟಿದ್ದವರ ರಾಜ್ಯ ಹೋಗಿ ವರ್ಷ ತುಂಬಿರಲಿಲ್ಲ. ಈಗ ಇನ್ನೊಂದು ಹುಟ್ಟಿನ ಕಾರಣಕ್ಕೆ, ತಾವು ಮಾಡದ ತಪ್ಪಿಗೆ, ಸ್ವಂತ ನೆಲದವರಿಂದಲೇ ದಂಡ. ಎಪ್ಪತ್ತೆಂಟರ ಆ ಮುದುಕನಿಗೆ ಏನನ್ನಿಸಿತೋ. ಕಾರ್ಖಾನೆಯನ್ನು ಮತ್ತೆ ಎಬ್ಬಿಸಿದರು.

1956ರ ಸೆಪ್ಟೆಂಬರ್ 26ರಂದು ಪುಣೆಯಲ್ಲಿ ಲಕ್ಷ್ಮಣರಾಯರು ತೀರಿಕೊಂಡರು. ಐದು ವಾರ ಕಳೆದು, ನವೆಂಬರ್ 1ರಂದು, ಅವರು ಹುಟ್ಟಿದ ಗುರ್ಲಹೊಸೂರು ಮುಂಬಯಿ ರಾಜ್ಯದಿಂದ ಬೇರೆಯಾಗಿ ಮೈಸೂರು ರಾಜ್ಯಕ್ಕೆ ಸೇರಿತು. ಅವರ ಜನ್ಮಶತಾಬ್ದಿಯಂದು, 1969ರಲ್ಲಿ, ಅಂಚೆ ಇಲಾಖೆ ಅವರ ಚಿತ್ರವಿರುವ ಅಂಚೆಚೀಟಿಯನ್ನು ಹೊರಡಿಸಿತು. ಅವರು ಬಿಟ್ಟುಬಂದ ವಿಕ್ಟೋರಿಯಾ ಜುಬಿಲಿ ಸಂಸ್ಥೆಯ ಹೆಸರಿನಿಂದ ವಿಕ್ಟೋರಿಯಾ ರಾಣಿ 1997ರಲ್ಲಿ ಹೊರಬಿದ್ದಳು. ಆ ಸ್ಥಾನಕ್ಕೆ ಶಿವಾಜಿಯ ತಾಯಿ ವೀರಮಾತಾ ಜೀಜಾಬಾಯಿ ಬಂದಳು. ಕುಂಡಲ ರೋಡ್ ನಿಲ್ದಾಣದ ಹೆಸರು ಅದಕ್ಕೂ ಬಹಳ ಮೊದಲೇ ಬದಲಾಗಿತ್ತು. ಮೀರಜಿನಿಂದ ಪುಣೆಯ ಕಡೆಗೆ ಹೋಗುವ ನಮ್ಮ ಊರ ರೈಲುಗಳಲ್ಲಿ ಕಿಟಕಿಯ ಪಕ್ಕ ಕುಳಿತವರಿಗೆ ಹಳದಿ ಹಲಗೆಯ ಮೇಲೆ ಆ ಹೊಸ ಹೆಸರು ಕಾಣುತ್ತದೆ: ಕಿರ್ಲೋಸ್ಕರವಾಡಿ.